ಚಾಲಕರಹಿತ ಯಂತ್ರಗಳು: ಕೆಟ್ಟರೂ ಕೇಡು ಮಾಡದ ನಿಯಂತ್ರಣ ವ್ಯವಸ್ಥೆ

ನೀರಾವರಿ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ರೈತರೆಲ್ಲರೂ ಬಲ್ಲರು. ಕರೆಂಟು ಹೋದೊಡನೆ ಅದರೊಳಗಿನ ಕಾಯಿಲ್ ಹಿಡಿತ ಬಿಟ್ಟು ಸಂಪರ್ಕ ಕಡಿಯುತ್ತದೆ. ಕರೆಂಟು ಮರಳಿ ಬಂದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ. ಮೆಯಿನ್ ಸ್ವಿಚ್ಚು ಆರಿಸಲು ಮರೆತು ರಿಪೇರಿಗೆ ಕುಳಿತವನ ಕೈ ಇದರಿಂದ ಉಳಿಯುತ್ತದೆ. ‘ಆಟೋ’ ಜೋಡಿಸಿದ ಸ್ಟಾರ್ಟರಿನಲ್ಲಿ ಈ ರಕ್ಷಣೆ ಇಲ್ಲ. ಯಾವುದೇ ಭಾಗ ಕೈಕೊಟ್ಟಾಗ ಯಂತ್ರವು ತಾನಾಗಿಯೇ ಅಪಾಯವಿಲ್ಲದ ಸ್ಥಿತಿಗೆ ಬರುವ ಏರ್ಪಾಟಿಗೆ ‘ಫೇಲ್-ಸೇಫ್’ ಎಂದು ಹೆಸರು.

ಈ ತತ್ವ ಹಳೆಯದು. 1869ರಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೂಪಿಸಿದ ರೈಲಿನ ಬ್ರೇಕಿನಲ್ಲಿ, ನಿಲ್ಲಿಸಲು ಕೊಳವೆಗೆ ಗಾಳಿ ತುಂಬಬೇಕಿತ್ತು. ಕೊಳವೆ ಒಡೆದರೆ ಬ್ರೇಕೇ ಇಲ್ಲ. 1872ರಲ್ಲಿ ಆತ ಇದನ್ನು ತಿರುವುಮುರುವು ಮಾಡಿದ. ಕೊಳವೆಯಲ್ಲಿ ಗಾಳಿಯ ಒತ್ತಡ ಇರುವವರೆಗೆ ಮಾತ್ರ ಬ್ರೇಕು ಸಡಿಲ. ಒತ್ತಡ ಇಳಿದರೆ ಪ್ರತಿ ಬೋಗಿಯ ತೊಟ್ಟಿಯಲ್ಲಿರುವ ಗಾಳಿಯಿಂದ ಬ್ರೇಕು ಬೀಳುತ್ತದೆ.

ಇಂದು ಔಷಧಿ ಸಿಂಪಡಿಸುವ ಡ್ರೋನುಗಳು ನಮ್ಮ ಹೊಲಗಳಿಗೆ ಬಂದಿವೆ. 2022ರ ಜನವರಿಯಲ್ಲಿ ಜಾನ್ ಡಿಯರ್ ಕಂಪನಿಯು ಆರು ಜೊತೆ ಕ್ಯಾಮೆರಾಗಳುಳ್ಳ ಚಾಲಕರಹಿತ ಟ್ರಾಕ್ಟರನ್ನು ಅಮೆರಿಕದಲ್ಲಿ ಪ್ರದರ್ಶಿಸಿತು. ಇಂತಹ ಯಂತ್ರಗಳಲ್ಲಿ ಇರಬೇಕಾದ ಮುಖ್ಯ ಗುಣಗಳು ಹೀಗಿವೆ:

1. ನಿಲ್ಲಲು ಅಪ್ಪಣೆ ಬೇಕಾಗಬಾರದು: ‘ಎಲ್ಲವೂ ಸರಿಯಿದೆ’ ಎಂಬ ಸಂಕೇತ ಎಡೆಬಿಡದೆ ಬರುತ್ತಿದ್ದರೆ ಮಾತ್ರ ಯಂತ್ರ ಚಲಿಸಬೇಕು. ಗಂಟೆಗೆ 9 ಕಿಲೋಮೀಟರು ವೇಗದ ಟ್ರಾಕ್ಟರು ಸೆಕೆಂಡಿಗೆ 2.5 ಮೀಟರು ಸಾಗುತ್ತದೆ. ಸಂಕೇತ ನಿಂತ ಮೇಲೆ ಎರಡು ಸೆಕೆಂಡು ಕಾದರೆ, ಬ್ರೇಕು ಬೀಳುವ ಮೊದಲೇ 5 ಮೀಟರು ಮುಂದೆ ಹೋಗಿರುತ್ತದೆ. ಆದುದರಿಂದ ಕಾಯುವ ಅವಧಿ ಅತಿ ಕಡಿಮೆ ಇರತಕ್ಕದ್ದು.

2. ಸುರಕ್ಷಿತ ಸ್ಥಿತಿ ಯಾವುದೆಂದು ಮೊದಲೇ ನಿಗದಿಯಾಗಿರಬೇಕು: ಟ್ರಾಕ್ಟರಿಗೆ ಸುರಕ್ಷಿತ ಸ್ಥಿತಿಯೆಂದರೆ ನಿಲ್ಲುವುದು, ಜೊತೆಗೆ ಪಿ.ಟಿ.ಓ. ಶಾಫ್ಟೂ ನಿಲ್ಲಬೇಕು. ಡ್ರೋನಿನ ಮೋಟಾರು ನಿಂತರೆ ಅದು ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಸಂಪರ್ಕ ತಪ್ಪಿದಾಗ ಅದು ಮೊದಲು ಸಿಂಪರಣೆ ನಿಲ್ಲಿಸಿ, ಬಳಿಕ ಹೊರಟ ಜಾಗಕ್ಕೆ ಮರಳಬೇಕು ಅಥವಾ ಮೆಲ್ಲನೆ ಇಳಿಯಬೇಕು. ಮರಳುವ ಎತ್ತರವನ್ನು ಹೊಲದ ಅಂಚಿನ ತೆಂಗು, ಅಡಿಕೆ ಮರಗಳಿಗಿಂತ ಮೇಲಕ್ಕೆ ಇಡಬೇಕು.

3. ಕಾವಲು ಬೇರೆಯೇ ಇರಬೇಕು: ಕಂಪ್ಯೂಟರು ಸ್ತಬ್ಧವಾದರೆ ಅದೇ ಕಂಪ್ಯೂಟರು ಯಂತ್ರವನ್ನು ನಿಲ್ಲಿಸಲಾರದು. ತುರ್ತು ನಿಲುಗಡೆಯ ಕೆಂಪು ಗುಂಡಿಯು ಅದನ್ನು ಅವಲಂಬಿಸದೆ ನೇರವಾಗಿ ಕೆಲಸ ಮಾಡಬೇಕು.

4. ಸಂಶಯ ಬಂದರೆ ನಿಲ್ಲಬೇಕು: 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪೆ ನಗರದಲ್ಲಿ ಉಬರ್ ಕಂಪನಿಯ ಸ್ವಯಂಚಾಲಿತ ಪ್ರಯೋಗದ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಆಕೆ ಸತ್ತಳು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರು ಆಕೆಯನ್ನು ಗುರುತಿಸಿತ್ತು. ಆದರೆ ಎದುರಿಗಿರುವುದು ವಾಹನವೋ, ಸೈಕಲ್ಲೋ, ಬೇರೇನೋ ಎಂದು ಕಂಪ್ಯೂಟರು ಎಣಿಕೆ ಬದಲಿಸುತ್ತಾ ಹೋಯಿತು. ಕಾರಿನ ಮೂಲ ತುರ್ತು ಬ್ರೇಕನ್ನು ಆ ವೇಳೆಯಲ್ಲಿ ಕೆಲಸ ಮಾಡದಂತೆ ಇಡಲಾಗಿತ್ತು. ಸೀಟಿನಲ್ಲಿದ್ದವರ ಗಮನವೂ ರಸ್ತೆಯ ಮೇಲಿರಲಿಲ್ಲ. ಎತ್ತರದ ಜೋಳದ ಹೊಲದಲ್ಲಿ ಕಂಡದ್ದು ಕರುವೋ, ಕಲ್ಲೋ, ಮಲಗಿದ ಮಗುವೋ ಎಂಬ ನಿರ್ಣಯಕ್ಕೆ ಕಾಯದೆ ಯಂತ್ರ ನಿಲ್ಲಬೇಕು.

5. ಮತ್ತೆ ಹೊರಡಿಸುವುದು ಮನುಷ್ಯನ ಕೆಲಸ: ನಿಂತ ಯಂತ್ರವನ್ನು ಒಬ್ಬರು ಹೋಗಿ ನೋಡಿ, ಕಾರಣ ತಿಳಿದ ಮೇಲೆಯೇ ಚಾಲೂ ಮಾಡಬೇಕು.

ರೈತರು ಗಮನಿಸಬೇಕಾದದ್ದು

ಡ್ರೋನನ್ನು ಬಾಡಿಗೆಗೆ ತರುವಾಗ, ಸಂಪರ್ಕ ತಪ್ಪಿದರೆ ಮತ್ತು ಬ್ಯಾಟರಿ ಇಳಿದರೆ ಅದು ಏನು ಮಾಡುವುದೆಂದು ನಡೆಸುವವರನ್ನು ಕೇಳಿರಿ. ಮರಳುವ ಎತ್ತರ ಎಷ್ಟಿದೆಯೆಂದು ತೋರಿಸಲು ಹೇಳಿರಿ. ಸಿಂಪರಣೆ ಮುಗಿಯುವವರೆಗೆ ಮಕ್ಕಳನ್ನೂ ದನಕರುಗಳನ್ನೂ ದೂರವಿಡಿರಿ. ಕೆಲಸಕ್ಕೆ ಅಡ್ಡಿಯೆಂದು ಸುರಕ್ಷಾ ಸ್ವಿಚ್ಚುಗಳನ್ನು ತಂತಿ ಕಟ್ಟಿ ತಪ್ಪಿಸುವುದು ಸಲ್ಲದು. ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆಗಳಲ್ಲಿ ಯಂತ್ರ ಓಡುವುದರ ಜೊತೆಗೆ ಅದು ನಿಲ್ಲುವ ಬಗೆಯನ್ನೂ ತೋರಿಸುವುದು ಒಳ್ಳೆಯದು.