ಬೀಗ ಹಾಕಿದ ಮನೆಯೂ ಲೆಕ್ಕದಲ್ಲಿರಲಿ: ಪಂಚಾಯಿತಿ ಗಣಕಯಂತ್ರಗಳ ತಪಾಸಣೆಗೊಂದು ವೇಳಾಪಟ್ಟಿ

ಮಾನ್ಯ ಸದಸ್ಯರೇ,

ಇ-ಸ್ವತ್ತಿನ ನಮೂನೆ, ತೆರಿಗೆ ಬೇಡಿಕೆ, ಕಾಮಗಾರಿಯ ಬಿಲ್ಲು, ಸಭೆಯ ನಡಾವಳಿ ಇವೆಲ್ಲವೂ ಇಂದು ಗಣಕಯಂತ್ರದ ಮೂಲಕವೇ ಸಾಗುತ್ತವೆ. ಹಣ ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಡೊಂಗಲ್ ಸೇರಿಸುವುದೂ ಅದೇ ಯಂತ್ರಕ್ಕೆ. ಆ ಯಂತ್ರವು ಪರರ ಹಿಡಿತಕ್ಕೆ ಸಿಕ್ಕರೆ ಪಂಚಾಯಿತಿಯ ನಿಧಿಗೂ ಗ್ರಾಮಸ್ಥರ ದಾಖಲೆಗಳಿಗೂ ಅಪಾಯ ಒದಗುತ್ತದೆ. ಆದುದರಿಂದ ಯಂತ್ರಗಳ ನಿಯತ ತಪಾಸಣೆಯು ಸಿಬ್ಬಂದಿಗೆ ಮಾತ್ರ ಸೇರಿದ ವಿಷಯವಲ್ಲ. ಸಭೆಯೂ ಅದರ ಮೇಲೆ ಕಣ್ಣಿಡಬೇಕು.

ತಪಾಸಣೆ ಎಂದರೇನು?

ವೈರಸ್ ನಿರೋಧಕ ತಂತ್ರಾಂಶವು ಒಳಹೊಕ್ಕ ಕಳ್ಳನನ್ನು ಹಿಡಿಯಲು ಯತ್ನಿಸುತ್ತದೆ. ಇಲ್ಲಿ ಹೇಳುತ್ತಿರುವ ದೋಷ ತಪಾಸಣೆ, ಅಂದರೆ ಸ್ಕ್ಯಾನ್, ಯಾವ ಬಾಗಿಲಿಗೆ ಅಗಳಿ ಇಲ್ಲವೆಂದು ಮೊದಲೇ ತಿಳಿಸುತ್ತದೆ. ಹಳೆಯ ತಂತ್ರಾಂಶ, ಅಳವಡಿಸದೆ ಉಳಿದ ತಿದ್ದುಪಡಿ, ದುರ್ಬಲ ಪಾಸ್‌ವರ್ಡ್ ಇಂಥವನ್ನು ಅದು ಪಟ್ಟಿ ಮಾಡುತ್ತದೆ.

ಇದರ ಮಹತ್ವಕ್ಕೆ ಒಂದು ನಿದರ್ಶನ ಸಾಕು. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮಾರ್ಚ್ 14ರಂದು ತಿದ್ದುಪಡಿ ನೀಡಿತು. ಅದೇ ದೋಷವನ್ನು ಬಳಸಿಕೊಂಡು ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಮೇ 12ರಂದು ಜಗತ್ತಿನಾದ್ಯಂತ ಹರಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತಗೊಂಡಿತು. ನಡುವೆ 59 ದಿನಗಳ ಅವಕಾಶವಿತ್ತು. ಆ ಅವಧಿಯಲ್ಲಿ ಒಮ್ಮೆ ತಪಾಸಣೆ ನಡೆಸಿ ತಿದ್ದುಪಡಿ ಅಳವಡಿಸಿಕೊಂಡವರಿಗೆ ಆ ಬಾಗಿಲು ಮುಚ್ಚಿತ್ತು.

ಎರಡು ವಿಧಾನಗಳು

ಮೊದಲನೆಯದು ಏಜೆಂಟ್ ರಹಿತ ತಪಾಸಣೆ. ಪಲ್ಸ್ ಪೋಲಿಯೊ ತಂಡವು ಮನೆಮನೆಗೆ ತೆರಳುವಂತೆ, ಒಂದು ತಪಾಸಣಾ ಯಂತ್ರವು ಜಾಲದ ಮೂಲಕ ಉಳಿದ ಯಂತ್ರಗಳನ್ನು ಒಂದೊಂದಾಗಿ ಸಂಪರ್ಕಿಸಿ ಪರೀಕ್ಷಿಸುತ್ತದೆ. ಪ್ರತಿ ಯಂತ್ರದಲ್ಲಿ ಏನನ್ನೂ ಅಳವಡಿಸಬೇಕಿಲ್ಲ. ಮುದ್ರಣ ಯಂತ್ರ, ರೂಟರ್, ಸಿಸಿಟಿವಿ ಮುಂತಾದವುಗಳಿಗೆ ಸಾಮಾನ್ಯವಾಗಿ ಇದೇ ಮಾರ್ಗ. ಆದರೆ ಆ ಹೊತ್ತಿನಲ್ಲಿ ಯಂತ್ರವು ಚಾಲನೆಯಲ್ಲಿರಬೇಕು, ಜಾಲದಲ್ಲಿರಬೇಕು ಮತ್ತು ಒಳಹೋಗಲು ನೀಡಿದ ಪಾಸ್‌ವರ್ಡ್ ಸರಿಯಿರಬೇಕು. ಪಾಸ್‌ವರ್ಡ್ ಬದಲಾಗಿದ್ದರೆ ತಪಾಸಣೆಯು ಹೊಸ್ತಿಲಲ್ಲೇ ನಿಂತು, ಹೊರಗಿನಿಂದ ಕಂಡ ದೋಷಗಳನ್ನಷ್ಟೇ ಬರೆದುಕೊಳ್ಳುತ್ತದೆ.

ಎರಡನೆಯದು ಏಜೆಂಟ್ ಆಧಾರಿತ ತಪಾಸಣೆ. ಇಲ್ಲಿ ಪ್ರತಿ ಯಂತ್ರದಲ್ಲಿಯೂ ಒಂದು ಚಿಕ್ಕ ತಂತ್ರಾಂಶ ನೆಲೆಸಿರುತ್ತದೆ. ಊರಿನಲ್ಲೇ ಇರುವ ಆಶಾ ಕಾರ್ಯಕರ್ತೆಯಂತೆ ಅದು ಒಳಗಿದ್ದುಕೊಂಡೇ ಪರೀಕ್ಷಿಸಿ, ಅಂತರ್ಜಾಲ ಸಂಪರ್ಕ ದೊರೆತಾಗ ವರದಿ ಕಳುಹಿಸುತ್ತದೆ. ನಿಗದಿತ ವೇಳೆಯಲ್ಲಿ ಯಂತ್ರ ಆರಿದ್ದರೆ, ಮುಂದೆ ಚಾಲನೆಗೊಂಡಾಗ ತಪಾಸಣೆ ನಡೆಸುವಂತೆ ಹಲವು ಏಜೆಂಟ್‌ಗಳಲ್ಲಿ ಸೂಚಿಸಬಹುದು. ಕ್ಷೇತ್ರಕಾರ್ಯಕ್ಕೆ ಒಯ್ಯುವ ಲ್ಯಾಪ್‌ಟಾಪ್‌ಗೆ ಇದೇ ಸೂಕ್ತ. ಏಜೆಂಟ್ ಕೆಟ್ಟು ಮೌನವಾದರೆ ಮಾತ್ರ ಯಾರಿಗೂ ತಿಳಿಯುವುದಿಲ್ಲ ಎಂಬುದೇ ಇದರ ಕೊರತೆ.

ನಾನು ಮಾಡಿದ ತಪ್ಪು

ಸೇವೆಯ ಆರಂಭದ ವರ್ಷಗಳಲ್ಲಿ, ಕಚೇರಿ ಕೆಲಸಕ್ಕೆ ಅಡ್ಡಿಯಾಗದಿರಲೆಂದು, ಏಜೆಂಟ್ ರಹಿತ ತಪಾಸಣೆಯನ್ನು ಭಾನುವಾರ ಬೆಳಗಿನ ಜಾವ 2 ಗಂಟೆಗೆ ನಿಗದಿಪಡಿಸಿದ್ದೆ. ಮೂರು ತಿಂಗಳು ಸತತವಾಗಿ "ತೀವ್ರ ದೋಷ: ಇಲ್ಲ" ಎಂಬ ವರದಿ ಬಂದಿತು. ಅದನ್ನು ಸಾಮಾನ್ಯ ಸಭೆಯಲ್ಲಿ ಹೆಮ್ಮೆಯಿಂದಲೇ ಓದಿದೆ. ಆಗ ಹಿರಿಯ ಸದಸ್ಯೆಯೊಬ್ಬರು, "ನಮ್ಮಲ್ಲಿ ಐದು ಕಂಪ್ಯೂಟರ್ ಇವೆಯಲ್ಲ ಸರ್, ಎಷ್ಟನ್ನು ನೋಡಿದ್ದೀರಿ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ವರದಿಯ ಕೊನೆಯ ಪುಟ ತೆರೆದಾಗ "ತಲುಪಲಾಗದವು: 4" ಎಂದಿತ್ತು. ನಮ್ಮ ಅಟೆಂಡರ್ ಪ್ರತಿ ಸಂಜೆ ಮೇನ್ ಸ್ವಿಚ್ ಆರಿಸಿಯೇ ಮನೆಗೆ ಹೋಗುತ್ತಿದ್ದರು. ಸಿಡಿಲು, ಶಾರ್ಟ್ ಸರ್ಕ್ಯೂಟ್‌ಗಳ ಭಯದಿಂದ ಅವರು ಮಾಡುತ್ತಿದ್ದುದು ಸರಿಯೇ ಆಗಿತ್ತು. ಬ್ಯಾಟರಿಗೆ ಜೋಡಿಸಿದ್ದ ತಪಾಸಣಾ ಯಂತ್ರ ಮತ್ತು ರೂಟರ್ ಮಾತ್ರ ಎಚ್ಚರವಾಗಿದ್ದವು. ತಪಾಸಣೆಯನ್ನು ಹಗಲಿಗೆ ಬದಲಿಸಿದಾಗ, ಡೊಂಗಲ್ ಬಳಸುವ ಯಂತ್ರವೇ ಎಂಟು ತಿಂಗಳಿಂದ ತಿದ್ದುಪಡಿ ಕಂಡಿಲ್ಲವೆಂಬುದು ಬೆಳಕಿಗೆ ಬಂದಿತು. ಅಷ್ಟರಲ್ಲಿ ಹಾನಿಯಾಗಿರಲಿಲ್ಲ ಎಂಬುದು ನಮ್ಮ ಅದೃಷ್ಟ. ಪರೀಕ್ಷಿಸದ ಯಂತ್ರವನ್ನು ದೋಷರಹಿತವೆಂದು ಎಣಿಸಬಾರದೆಂದು ನಾನು ಕಲಿತದ್ದು ಅಂದು.

ಮಾದರಿ ವೇಳಾಪಟ್ಟಿ

ಮೈಕ್ರೋಸಾಫ್ಟ್ ತನ್ನ ಮಾಸಿಕ ತಿದ್ದುಪಡಿಗಳನ್ನು ಪ್ರತಿ ತಿಂಗಳ ಎರಡನೇ ಮಂಗಳವಾರ ಹೊರಡಿಸುತ್ತದೆ. ನಮ್ಮಲ್ಲಿ ಅವು ಸಾಮಾನ್ಯವಾಗಿ ಬುಧವಾರದಿಂದ ದೊರೆಯುತ್ತವೆ. ಇದನ್ನು ಆಧರಿಸಿ ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ:

1. ಆ ಬುಧವಾರದಿಂದ ಮುಂದಿನ ಮಂಗಳವಾರದೊಳಗೆ ತಿದ್ದುಪಡಿ ಅಳವಡಿಸಿ ಯಂತ್ರವನ್ನು ಮರುಚಾಲನೆ ಮಾಡುವುದು. ಮರುಚಾಲನೆಯಾಗದೆ ಹಲವು ತಿದ್ದುಪಡಿಗಳು ಪೂರ್ಣಗೊಳ್ಳುವುದಿಲ್ಲ.
2. ನಂತರದ ಗುರುವಾರ ಮಧ್ಯಾಹ್ನ ಊಟದ ವಿರಾಮದಲ್ಲಿ ಮೇಜಿನ ಯಂತ್ರಗಳು, ಮುದ್ರಣ ಯಂತ್ರ ಮತ್ತು ರೂಟರ್‌ಗೆ ಏಜೆಂಟ್ ರಹಿತ ತಪಾಸಣೆ. ಎಲ್ಲವನ್ನೂ ಏಕಕಾಲಕ್ಕೆ ಆರಂಭಿಸದೆ ಒಂದರ ನಂತರ ಒಂದನ್ನು ಪರೀಕ್ಷಿಸುವುದು.
3. ಅಂದು ವಿದ್ಯುತ್ ಇಲ್ಲದೆಯೋ ಬೇರೆ ಕಾರಣದಿಂದಲೋ ತಪ್ಪಿದ ಯಂತ್ರಗಳಿಗೆ ಶುಕ್ರವಾರ ಮರುಭೇಟಿ.
4. ಲ್ಯಾಪ್‌ಟಾಪ್‌ಗೆ ಪ್ರತಿ ಸೋಮವಾರ ಏಜೆಂಟ್ ಮೂಲಕ ತಪಾಸಣೆ. ಹದಿನೈದು ದಿನ ವರದಿ ಬಾರದಿದ್ದರೆ ಅದನ್ನೂ ಬೀಗ ಹಾಕಿದ ಮನೆಯೆಂದೇ ಎಣಿಸುವುದು.
5. ಗ್ರಾಮ ಸಭೆ ಹಾಗೂ ಪಾವತಿ ಕೆಲಸವಿರುವ ದಿನಗಳಲ್ಲಿ ತಪಾಸಣೆ ಬೇಡ.

ತಪಾಸಣೆಯನ್ನು ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿಯೊಂದಿಗೆ, ಪಂಚಾಯಿತಿಯ ಯಂತ್ರಗಳ ಮೇಲಷ್ಟೇ ನಡೆಸತಕ್ಕದ್ದು. ಅನುಮತಿಯಿಲ್ಲದೆ ಪರರ ಗಣಕಯಂತ್ರವನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 43ನೇ ಪ್ರಕರಣದ ಉಲ್ಲಂಘನೆಯಾಗುತ್ತದೆ. ಸೈಬರ್ ದಾಳಿ ಕಂಡುಬಂದಲ್ಲಿ, 2022ರ ಏಪ್ರಿಲ್ 28ರ ನಿರ್ದೇಶನದಂತೆ, ಸರ್ಕಾರಿ ಸಂಸ್ಥೆಗಳು 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು. ಆದುದರಿಂದ ಶಂಕೆ ಬಂದ ಕೂಡಲೇ ಮೇಲಧಿಕಾರಿಗಳಿಗೆ ತಿಳಿಸುವುದು ಅಗತ್ಯ.

ಸಭೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆಗಳು

ತಾಂತ್ರಿಕ ವಿವರಗಳನ್ನೆಲ್ಲ ತಾವು ಕಂಠಪಾಠ ಮಾಡಬೇಕಿಲ್ಲ. ಪ್ರತಿ ತಿಂಗಳ ಸಭೆಯಲ್ಲಿ ಹೀಗೆ ಕೇಳಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿ:

ಅ) ದಾಸ್ತಾನು ವಹಿಯಂತೆ ನಮ್ಮಲ್ಲಿರುವ ಯಂತ್ರಗಳೆಷ್ಟು?
ಆ) ಕಳೆದ 30 ದಿನಗಳಲ್ಲಿ ಒಳಹೊಕ್ಕು ಪರೀಕ್ಷಿಸಿದವು ಎಷ್ಟು? ಉಳಿದವು ಏಕೆ ತಪ್ಪಿದವು?
ಇ) ಕಂಡ ದೋಷಗಳಲ್ಲಿ ಸರಿಪಡಿಸಿ ಮರುಪರೀಕ್ಷಿಸಿದವು ಎಷ್ಟು?

ಮೊದಲೆರಡು ಸಂಖ್ಯೆಗಳು ಹೊಂದದಿದ್ದರೆ ವರದಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಒಪ್ಪಬೇಡಿ. ಅಂದು ಆ ಸದಸ್ಯೆಯು ಕೇಳಿದ ಒಂದು ಪ್ರಶ್ನೆಯಿಂದಲೇ ನಮ್ಮ ಕಚೇರಿಯ ದೋಷ ಹೊರಬಿದ್ದಿತು. ತಮ್ಮ ಪಂಚಾಯಿತಿಯ ಮುಂದಿನ ಸಭೆಯಲ್ಲಿಯೂ ಆ ಪ್ರಶ್ನೆ ಕೇಳಿಬರಲಿ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ