ಸೂಜಿಯ ಬಲ, ಎದುರಾಳಿಯ ಕಣ್ಣು

ಅಖಾಡಕ್ಕೆ ಇಳಿಯಲು ಅಣಿಯಾಗುತ್ತಿರುವ ಕಿರಿಯರಿಗೆ,

ಟೆಸ್ಟೊಸ್ಟೆರಾನ್ ಗಂಡಿನ ವೃಷಣಗಳಲ್ಲಿ ಹೆಚ್ಚಾಗಿಯೂ ಹೆಣ್ಣಿನ ದೇಹದಲ್ಲಿ ಅಲ್ಪವಾಗಿಯೂ ಸಹಜವಾಗಿ ಉತ್ಪತ್ತಿಯಾಗುವ ಹಾರ್ಮೋನು. 1935ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವ ವಿಧಾನ ಕೈಗೆ ಬಂದ ಮೇಲೆ, ಕೊರತೆಯುಳ್ಳ ರೋಗಿಗೆ ಔಷಧವಾಗಬೇಕಿದ್ದ ಅದು ಕಸುವು ಬೇಕೆನ್ನುವ ಆಟಗಾರನ ಚೀಲವನ್ನೂ ಸೇರಿತು. ಅದರಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿ ಕಿರಿಯರನ್ನು ತಡೆಯಹೊರಡುವುದು ಸುಳ್ಳಿನ ಉಪದೇಶವಾಗುತ್ತದೆ. 1996ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವಾರಕ್ಕೆ 600 ಮಿಲಿಗ್ರಾಂನಂತೆ ಹತ್ತು ವಾರ ಚುಚ್ಚಿಸಿಕೊಂಡು ಭಾರ ಎತ್ತಿದವರ ದೇಹಕ್ಕೆ ಕೊಬ್ಬನ್ನು ಬಿಟ್ಟು ಸರಾಸರಿ ಆರು ಕಿಲೋ ತೂಕ ಕೂಡಿತ್ತು. ಮದ್ದು ಫಲ ಕೊಡುತ್ತದೆ ಎಂಬಲ್ಲಿಂದಲೇ ನೀತಿಯ ಪ್ರಶ್ನೆ ಶುರುವಾಗುತ್ತದೆ.

ಓಟಗಾರನು ಉದ್ದೀಪನ ಮದ್ದಿನಿಂದ ಗೆದ್ದರೆ ಪಕ್ಕದ ಸಾಲಿನವನ ಪದಕ ಹೋಗುತ್ತದೆ, ಇದು ಕಳ್ಳತನ. ಕಾದಾಟದ ಕ್ರೀಡೆಯಲ್ಲಾದರೋ ಆ ಬಲ ಎದುರಾಳಿಯ ತಲೆಯ ಮೇಲೆ ಬೀಳುತ್ತದೆ. ಹೊಡೆತ ತಿನ್ನಲು ಅವನು ಒಪ್ಪಿರುವುದು ನಿಜ, ಆದರೆ ಆ ಒಪ್ಪಿಗೆ ತನ್ನದೇ ತೂಕದ, ತನ್ನಂತೆಯೇ ಬೆವರಿಳಿಸಿ ಬಲ ಕೂಡಿಸಿದವನ ಹೊಡೆತಕ್ಕೇ ಹೊರತು ಸೀಸೆಯಿಂದ ಬಂದ ಬಲಕ್ಕಲ್ಲ. ಬ್ರೆಜಿಲ್‌ನ ಮಿಶ್ರ ಸಮರಕಲೆಯ (ಎಂಎಂಎ) ಕಾದಾಳು ವಿಟರ್ ಬೆಲ್ಫೋರ್ಟ್ 2013ರಲ್ಲಿ ಮೈಕಲ್ ಬಿಸ್ಪಿಂಗ್, ಲ್ಯೂಕ್ ರಾಕ್‌ಹೋಲ್ಡ್, ಡ್ಯಾನ್ ಹೆಂಡರ್ಸನ್ ಎಂಬ ಮೂವರನ್ನೂ ತಲೆಗೆ ಬೀಸಿದ ಒದೆತದಿಂದಲೇ ಕೆಡವಿದ. ಟೆಸ್ಟೊಸ್ಟೆರಾನ್ ಪಡೆಯುತ್ತಿರುವುದನ್ನು ಆ ವರ್ಷ ಅವನೇ ಒಪ್ಪಿಕೊಂಡಿದ್ದ. ಬಿಸ್ಪಿಂಗ್‌ನ ಬಲಗಣ್ಣಿನ ಅಕ್ಷಿಪಟಲ, ಅಂದರೆ ಬೆಳಕನ್ನು ಗ್ರಹಿಸುವ ಒಳಪದರ, ಆ ಪಂದ್ಯದಲ್ಲಿ ಕಳಚಿತು. ಮುಂದೆ 2016ರಲ್ಲಿ ಅವನು ವಿಶ್ವ ಪಟ್ಟ ಗೆದ್ದದ್ದು ಆ ಕಣ್ಣು ಬಹುಪಾಲು ಕುರುಡಾಗಿದ್ದಾಗ. ಮದ್ದಿಲ್ಲದಿದ್ದರೆ ಆ ಒದೆತ ಅಷ್ಟು ಬಿರುಸಾಗಿರುತ್ತಿರಲಿಲ್ಲವೆಂದು ಯಾರೂ ಸಾಧಿಸಿ ತೋರಿಸಲಾರರು, ನಿಜ. ಆದರೆ ಆ ಅನುಮಾನವನ್ನು ಹೊತ್ತು ಬದುಕಬೇಕಾದವನು ಕಣ್ಣು ಕಳೆದುಕೊಂಡವನೇ.

ಇಲ್ಲಿ ಬೆಲ್ಫೋರ್ಟ್ ನಿಯಮ ಮುರಿದಿರಲಿಲ್ಲ ಎಂಬುದೇ ಹೆಚ್ಚು ಕಸಿವಿಸಿಯ ಸಂಗತಿ. ದೇಹದಲ್ಲಿ ಟೆಸ್ಟೊಸ್ಟೆರಾನ್ ಕಡಿಮೆಯಿದೆಯೆಂದು ವೈದ್ಯರು ಬರೆದುಕೊಟ್ಟರೆ ಕ್ರೀಡಾ ಆಯೋಗಗಳು ‘ಪೂರಣ ಚಿಕಿತ್ಸೆ’ಗೆ, ಅಂದರೆ ಕೊರತೆಯಾದಷ್ಟನ್ನು ಹೊರಗಿನಿಂದ ತುಂಬಲು, ವಿನಾಯಿತಿ ಕೊಡುತ್ತಿದ್ದವು. ಆ ಕೊರತೆ ಬಂದದ್ದು ಎಲ್ಲಿಂದ ಎಂದು ಕೇಳಿದವರು ಕಡಿಮೆ. ಹಿಂದೆ ಟೆಸ್ಟೊಸ್ಟೆರಾನ್ ಅಥವಾ ಅದರಂಥ ಸ್ಟೆರಾಯ್ಡ್ ಸೇವಿಸಿದವನ ವೃಷಣಗಳು ಕೆಲಸ ಮರೆತಿರಬಹುದು, ಏಕೆಂದರೆ ರಕ್ತದಲ್ಲಿ ಹಾರ್ಮೋನು ತುಂಬಿರುವುದನ್ನು ಕಂಡ ಮೆದುಳು ವೃಷಣಗಳಿಗೆ ಸಂಕೇತ ಕಳಿಸುವುದನ್ನೇ ನಿಲ್ಲಿಸುತ್ತದೆ, ಅವು ಕುಗ್ಗುತ್ತವೆ, ವೀರ್ಯಾಣುಗಳೂ ಇಳಿಯುತ್ತವೆ. ಇನ್ನು ಕೆಲವರಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಕೆಡಿಸಿರಬಹುದು. ಅಂಥವನಿಗೆ ಬೇಕಾದದ್ದು ಅಖಾಡದಿಂದ ಬಿಡುಗಡೆ. ಮತ್ತೆ ಪೆಟ್ಟು ತಿನ್ನಲು ಅಣಿಗೊಳಿಸುವ ಚುಚ್ಚುಮದ್ದನ್ನು ಚಿಕಿತ್ಸೆಯೆಂದು ಕರೆಯುವುದು ಆ ಪದಕ್ಕೇ ಅವಮಾನ.

ಸಿಕ್ಕಿಬೀಳುವ ಬಗೆಯನ್ನೂ ಕಿರಿಯರು ತಿಳಿದಿರಲಿ. ಮೂತ್ರದಲ್ಲಿ ಟೆಸ್ಟೊಸ್ಟೆರಾನ್ ಮತ್ತು ಅದರ ಜೊತೆಗಾರ ಎಪಿಟೆಸ್ಟೊಸ್ಟೆರಾನ್ ಸಾಮಾನ್ಯವಾಗಿ ಹೆಚ್ಚುಕಡಿಮೆ ಸಮನಾಗಿರುತ್ತವೆ. ಹೊರಗಿನಿಂದ ಚುಚ್ಚಿಸಿಕೊಂಡರೆ ಮೊದಲನೆಯದು ಏರುತ್ತದೆ, ಎರಡನೆಯದು ಏರುವುದಿಲ್ಲ. ಪ್ರಮಾಣ 4:1 ದಾಟಿದರೆ ಸಂಶಯ ಹುಟ್ಟುತ್ತದೆ. 2010ರ ಆಗಸ್ಟ್‌ನಲ್ಲಿ ಅದೇ ಕ್ರೀಡೆಯಲ್ಲಿ ಆಗ ಪಟ್ಟದಲ್ಲಿದ್ದ ಆಂಡರ್ಸನ್ ಸಿಲ್ವಾನನ್ನು ನಾಲ್ಕು ಸುತ್ತು ನೆಲಕ್ಕೊತ್ತಿ ಐದನೆಯದರಲ್ಲಿ ಸೋತ ಚೇಲ್ ಸೊನೆನ್‌ನ ಮಾದರಿಯಲ್ಲಿ ಅದು 16.9:1 ಇತ್ತು. ಕಾರ್ಖಾನೆಯ ಹಾರ್ಮೋನನ್ನು ಸೋಯಾದಂಥ ಸಸ್ಯಗಳಿಂದ ತಯಾರಿಸುವುದರಿಂದ ಅದರ ಇಂಗಾಲದ ಗುರುತೇ ಬೇರೆ, ಅದನ್ನೂ ಯಂತ್ರ ಪತ್ತೆಹಚ್ಚುತ್ತದೆ. ಸಿಕ್ಕಿಬೀಳದೆ ಉಳಿದವರಿಗೂ ರಕ್ತ ದಪ್ಪಗಾಗಿ ಹೆಪ್ಪುಗಟ್ಟುವ ಅಪಾಯ ತಪ್ಪಿದ್ದಲ್ಲ.

2014ರ ಫೆಬ್ರವರಿ 27ರಂದು ಅಮೆರಿಕದ ನೆವಾಡಾ ರಾಜ್ಯದ ಕ್ರೀಡಾ ಆಯೋಗ ಪೂರಣ ಚಿಕಿತ್ಸೆಯ ವಿನಾಯಿತಿಯನ್ನು ನಿಲ್ಲಿಸಿತು. ನಿಗದಿಯಾಗಿದ್ದ ಪಟ್ಟದ ಪಂದ್ಯದಿಂದ ಬೆಲ್ಫೋರ್ಟ್ ಹಿಂದೆ ಸರಿದ. 2015ರ ಮೇನಲ್ಲಿ ಪಟ್ಟದಲ್ಲಿದ್ದ ಕ್ರಿಸ್ ವೈಡ್‌ಮನ್ ಎದುರು ಕೊನೆಗೂ ಇಳಿದಾಗ ಮೊದಲ ಸುತ್ತಿನಲ್ಲೇ ಸೋತ.

ಸುಸ್ತು ಬಿಡುತ್ತಿಲ್ಲವೆಂದು ಯಾರಾದರೂ ಸೀಸೆ ತೋರಿಸಿದ ದಿನ ಕಿರಿಯರು ಮೊದಲು ಅಂತಃಸ್ರಾವ ತಜ್ಞರ, ಅಂದರೆ ಹಾರ್ಮೋನುಗಳ ವೈದ್ಯರ, ಬಳಿಗೆ ಹೋಗಿ ಬೆಳಗಿನ ಹೊತ್ತಿನ ರಕ್ತವನ್ನು ಎರಡು ಬೇರೆ ದಿನ ಪರೀಕ್ಷಿಸಿಕೊಳ್ಳಲಿ. ಪಂದ್ಯಕ್ಕಾಗಿ ಈ ಸಲ ಎಷ್ಟು ಕಿಲೋ ತೂಕ ಇಳಿಸಿದ್ದು, ತಲೆಗೆ ಎಷ್ಟು ಪೆಟ್ಟು ಬಿದ್ದದ್ದು ಎಂಬುದನ್ನು ಮುಚ್ಚಿಡದೆ ಅವರಿಗೆ ಹೇಳಲಿ, ಏಕೆಂದರೆ ಎರಡೂ ಹಾರ್ಮೋನನ್ನು ತಗ್ಗಿಸಬಲ್ಲವು.

ಇತಿ,
ಹಿತೈಷಿ