ಸ್ಪ್ರೆಡ್‌ಶೀಟ್ ಸೂತ್ರವನ್ನು ಗಣಕಯಂತ್ರ ಓದುವ ಬಗೆ

ಕೊಡಗಿನ ಕಾಫಿ ಹಾಗೂ ಕರಿಮೆಣಸು ವರ್ತಕರಲ್ಲಿ ಅನೇಕರು ಖರೀದಿ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತಾರೆ. ವಹಿವಾಟು ಬೆಳೆದಾಗ ಅವೇ ಸೂತ್ರಗಳನ್ನು ಸ್ವಂತ ತಂತ್ರಾಂಶಕ್ಕೆ ಅಳವಡಿಸಬೇಕಾಗುತ್ತದೆ. ಆದ್ದರಿಂದ ಯಂತ್ರವು ಸೂತ್ರವನ್ನು ಓದುವ ಕ್ರಮವನ್ನು ವರ್ತಕರೂ ಅರಿತಿರುವುದು ಒಳಿತು.

ಯಂತ್ರವು ಮೊದಲು ಸೂತ್ರವನ್ನು ಬಿಡಿ ಭಾಗಗಳಾಗಿ ಒಡೆಯುತ್ತದೆ: ಕೋಶದ ಹೆಸರು, ಸಂಖ್ಯೆ, ಚಿಹ್ನೆ, ಆವರಣ. ಅನಂತರ ಯಾವ ಕ್ರಿಯೆ ಮೊದಲು ಎಂಬುದನ್ನು ನಿರ್ಧರಿಸುತ್ತದೆ. ಎಕ್ಸೆಲ್‌ನಲ್ಲಿ ಆವರಣದೊಳಗಿನದು ಮೊದಲು. ಶೇಕಡಾ ಚಿಹ್ನೆ ಗುಣಾಕಾರ, ಭಾಗಾಕಾರಗಳಿಗಿಂತ ಮುಂಚೆ. ಕೂಡುವುದು, ಕಳೆಯುವುದು ಅವುಗಳ ತರುವಾಯ. ಸಮಾನ ದರ್ಜೆಯ ಕ್ರಿಯೆಗಳು ಎಡದಿಂದ ಬಲಕ್ಕೆ ನಡೆಯುತ್ತವೆ.

ಈ ಕ್ರಮ ಎಲ್ಲೆಡೆ ಒಂದೇ ಅಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಎಲ್ಲವನ್ನೂ ಎಡದಿಂದ ಬಲಕ್ಕೇ ಲೆಕ್ಕಿಸುತ್ತಿತ್ತು. 2+3*4 ಎಂಬುದಕ್ಕೆ ಅದರ ಉತ್ತರ 20. ಎಕ್ಸೆಲ್‌ನ ಉತ್ತರ 14.

ಕರಿಮೆಣಸಿನ ಒಂದು ಉದಾಹರಣೆ ನೋಡಬಹುದು. ತೂಕ 500 ಕಿಲೋ, ತೇವಾಂಶಕ್ಕಾಗಿ ಕಡಿತ ಶೇ. 2. ಮೇಜಿನ ಮೇಲಿನ ಅನೇಕ ಕ್ಯಾಲ್ಕುಲೇಟರ್‌ಗಳಲ್ಲಿ 500-2% ಎಂದು ಒತ್ತಿದರೆ 490 ಬರುತ್ತದೆ. ಎಕ್ಸೆಲ್‌ನಲ್ಲಿ =500-2% ಎಂದು ಬರೆದರೆ ಬರುವುದು 499.98, ಏಕೆಂದರೆ ಅದು 2% ಅನ್ನು 0.02 ಎಂದೇ ಓದುತ್ತದೆ. ದಶಾಂಶ ಕಾಣದಂತೆ ಹೊಂದಿಸಿದ ಕೋಶದಲ್ಲಿ 500 ಎಂದೇ ತೋರುತ್ತದೆ. ತಪ್ಪಿನ ಸೂಚನೆ ಯಾವುದೂ ಬರುವುದಿಲ್ಲ. ಕಿಲೋಗೆ 600 ರೂ. ದರವಾದರೆ ಖರೀದಿದಾರ 5,988 ರೂ. ಹೆಚ್ಚು ತೆತ್ತಂತಾಗುತ್ತದೆ. ಸರಿಯಾದ ಬರವಣಿಗೆ =500*(1-2%).

ಕಾಫಿಯಲ್ಲಿ ಇನ್ನೊಂದು ಬಗೆ. ಒಣಗಿದ ರೋಬಸ್ಟಾ ಚೆರಿಯ 50 ಕಿಲೋ ಚೀಲಕ್ಕೆ 26 ಕಿಲೋ ಬೀಜ ಇಳಿಯುವುದಾದರೆ, 1,000 ಕಿಲೋ ಚೆರಿಗೆ ದೊರೆಯುವ ಬೀಜ 1000/50*26, ಅಂದರೆ 520 ಕಿಲೋ. ಹೊಸ ತಂತ್ರಾಂಶವು ಬಲಭಾಗದ ಗುಣಾಕಾರವನ್ನು ಮೊದಲು ಮಾಡಿದರೆ 1000/1300 ಆಗಿ, ಉತ್ತರ ಒಂದು ಕಿಲೋಗಿಂತಲೂ ಕಡಿಮೆಯಾಗುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಕೂಡಲೇ ಕಣ್ಣಿಗೆ ಬೀಳುತ್ತದೆ. ಮೆಣಸಿನ ಲೆಕ್ಕದಂಥದು ವರ್ಷಾಂತ್ಯದ ದಾಸ್ತಾನು ತಾಳೆಯವರೆಗೂ ಅಡಗಿರಬಲ್ಲದು.

ವರ್ತಕರು ಮೂರು ಕ್ರಮಗಳನ್ನು ಅನುಸರಿಸಬಹುದು. ಮೊದಲನೆಯದಾಗಿ, ಸಂದೇಹವಿದ್ದಲ್ಲೆಲ್ಲ ಆವರಣ ಹಾಕಬೇಕು; ಹೆಚ್ಚಿನ ಆವರಣದಿಂದ ನಷ್ಟವಿಲ್ಲ. ಎರಡನೆಯದಾಗಿ, ಎಕ್ಸೆಲ್‌ನ ಫಾರ್ಮುಲಾಸ್ ವಿಭಾಗದಲ್ಲಿರುವ ಇವ್ಯಾಲ್ಯುಯೇಟ್ ಫಾರ್ಮುಲಾ ಸೌಲಭ್ಯದಿಂದ ಲೆಕ್ಕವನ್ನು ಹಂತಹಂತವಾಗಿ ನೋಡಬೇಕು. ಮೂರನೆಯದಾಗಿ, ತಂತ್ರಾಂಶ ರೂಪಿಸುವವರಿಗೆ ಸೂತ್ರಗಳ ಜೊತೆಗೆ ಕೈಯಿಂದ ಲೆಕ್ಕ ಹಾಕಿದ ಹಳೆಯ ಬಿಲ್ಲುಗಳನ್ನೂ ಕೊಡಬೇಕು. ಕಡಿತವಿರುವುದು, ಇಲ್ಲದಿರುವುದು, ಮುಂಗಡ ಕಳೆದದ್ದು ಹೀಗೆ ಎಲ್ಲ ಬಗೆಯವೂ ಅದರಲ್ಲಿರಲಿ. ಅವೆಲ್ಲಕ್ಕೂ ಪೈಸೆ ಸಹಿತ ಅದೇ ಉತ್ತರ ಬಂದ ಬಳಿಕವೇ ಹೊಸ ತಂತ್ರಾಂಶವನ್ನು ಸ್ವೀಕರಿಸುವುದು ಕ್ಷೇಮಕರ.